ಆರು ಚೀಲ ಸೂಜಿಸೊಪ್ಪು

ಕಸ ಕದಿಯಲು ಹೊರಟ ಗಂಡನಿಗೆ ಹೆಂಡತಿ ಉಪ್ಪಿಟ್ಟು ಕಟ್ಟಿಕೊಡುತ್ತಿದ್ದಾಳೆ ಎನ್ನುವುದು ಹೊಳೆದಾಗ ರಾಚಯ್ಯನಿಗೆ ನಗು ಬರಬೇಕಿತ್ತು, ಬರಲಿಲ್ಲ. ಇನ್ನೂ ಆರು ಗಂಟೆ ಹೊಡೆದಿರಲಿಲ್ಲ. ಊಟಿಯ ಮಂಜು ಅಡಿಗೆಮನೆಯ ಕಿಟಕಿಯ ತನಕ ಬಂದು, ಒಳಗೆ ಬರಲೋ ಬೇಡವೋ ಎಂದು ನಿಂತಿತ್ತು. ಚನ್ನಾಜಮ್ಮ ಡಬ್ಬಿಯ ಮುಚ್ಚಳವನ್ನು ಅಂಗೈಯಿಂದ ಒತ್ತುತ್ತಾ ಅವನ ಕಂಕುಳಲ್ಲಿದ್ದ ಖಾಲಿ ಗೋಣಿಚೀಲಗಳ ಮಡಿಕೆಯನ್ನು ನೋಡಿದಳು. ನಲವತ್ತು ವರ್ಷ ಜೊತೆಗೆ ಬಾಳಿದ ಹೆಂಗಸು ಹಾಗೆ ನೋಡಿದರೆ ಅವಳಿಗೆ ಚೀಲ ಮಾತ್ರವಲ್ಲ, ಚೀಲದೊಳಗೆ ಇನ್ನೂ ತುಂಬದೇ ಇರುವುದೂ ಕಾಣಿಸುತ್ತದೆ ಎಂಬ ಗುಮಾನಿ ರಾಚಯ್ಯನಿಗೆ ಮೊದಲಿನಿಂದಲೂ ಇತ್ತು.

"ಭಾನುವಾರನೂ ಮರ ನೋಡಕ ಹೊಂಟ್ರಾ? ಮನುಸರ ಡಾಕ್ಟ್ರೇ ಇವತ್ತು ರಜ ಹಾಕ್ತಾರ."

"ರಾಜಾಮಣಿಯಮ್ಮನ ಮನ ತಕ್ಕ ಹೋಗಿ ಬತ್ತೀನಿ ಕನ. ಚೂರು ಕೆಲಸ ಅದ."

"ಚೂರು ಕೆಲಸಕ್ಕ ಆರು ಚೀಲ ಯಾಕ?"

ಅವಳು ಎಣಿಸಿಬಿಟ್ಟಿದ್ದಳು. ರಾಚಯ್ಯ, "ಚಳಿ ಅಲ್ವಾ" ಎಂದ. ಚಳಿಗೂ ಚೀಲಕ್ಕೂ ಏನು ಸಂಬಂಧ ಎಂದು ಅವಳು ಕೇಳಲಿಲ್ಲ. ಕೇಳದೆ ಇರುವುದರಲ್ಲಿ ಅವಳು ಪಳಗಿದವಳು. ಡಬ್ಬಿ ಕೊಟ್ಟು, ಮಂಕಿ ಕ್ಯಾಪನ್ನು ಅವನ ಕಿವಿಯ ಮೇಲೆ ಎಳೆದು, ಒಳಗೆ ಹೋದಳು.

ಲವ್‌ಡೇಲ್ ಕಡೆಯ ಮೊದಲ ಬಸ್ಸಿನಲ್ಲಿ ಡ್ರೈವರ್, ಕಂಡಕ್ಟರ್ ಬಿಟ್ಟರೆ ಅವನೊಬ್ಬನೇ. ಕಂಡಕ್ಟರ್ ಚೀಟಿ ಹರಿಯುತ್ತಾ, "ಎನ್ನ ಡಾಕ್ಟರ್, ಎಮರ್ಜೆನ್ಸಿಯಾ?" ಎಂದು ತಮಿಳಿನಲ್ಲಿ ಕೇಳಿ ತಾನೇ ನಕ್ಕ. ಈ ಡಾಕ್ಟರ್ ಪಟ್ಟ ಯಾರು ಯಾವಾಗ ಕಟ್ಟಿದರೋ ರಾಚಯ್ಯನಿಗೆ ನೆನಪಿಲ್ಲ. ಕೀಳ್ ಕೋತಗಿರಿಯ ಎಸ್ಟೇಟಿನಲ್ಲಿ ಮೂವತ್ತೆರಡು ವರ್ಷ ಅವನು ಬೆನ್ನಿಗೆ ಪಂಪು ಕಟ್ಟಿದವರ ಹಿಂದೆ ಓಡಾಡಿದ ಸ್ಪ್ರೇ ಮೇಸ್ತ್ರಿ, ಅಷ್ಟೇ. ಮಳೆಗಾಲ ಬಂತೆಂದರೆ ಟೀ ಚಿಗುರಿನ ಮೇಲೆ ಬೊಬ್ಬೆಯೇಳುವ ರೋಗ, ಅದಕ್ಕೆ ತಾಮ್ರದ ಔಷಧಿ, ವಾರಕ್ಕೊಂದು ಸುತ್ತು. ರಿಟೈರಾಗಿ ಊಟಿಗೆ ಬಂದ ಮೇಲೆ ಯಾರದೋ ಬಂಗಲೆಯ ಗುಲಾಬಿಗೆ ಔಷಧಿ ಹೊಡೆದ; ಗುಲಾಬಿ ತಾನಾಗಿಯೇ ಬದುಕಿತು; ಹೆಸರು ಇವನಿಗೆ ಬಂತು. ಆಮೇಲೆ ಸೈಪ್ರಸ್, ಆಮೇಲೆ ಪೈನ್. ಗೊತ್ತಿಲ್ಲ ಎನ್ನುವ ಮಾತು ಮೊದಲನೆಯ ಸಲ ನಾಲಿಗೆಯ ತುದಿಯಲ್ಲಿ ನಿಂತಾಗಲೇ ಹೇಳಿಬಿಡಬೇಕಿತ್ತು. ಹೇಳದೆ ಬಿಟ್ಟದ್ದು ಐದು ವರ್ಷದಲ್ಲಿ ಹೇಳಲಾಗದಷ್ಟು ದೊಡ್ಡದಾಗಿತ್ತು. ಯಾರಾದರೂ ಮರ ತೋರಿಸಿದರೆ ರಾಚಯ್ಯ ತೊಗಟೆಗೆ ಬೆರಳು ತಟ್ಟಿ, ಒಂದು ಕಣ್ಣು ಮುಚ್ಚಿ ಮೇಲೆ ನೋಡಿ, "ಹೂಂ" ಎನ್ನುತ್ತಿದ್ದ. ಆ ಹೂಂಕಾರಕ್ಕೆ ಜನ ಬಿಸಿ ಕಾಫಿ ಕೊಡುತ್ತಿದ್ದರು. ಸುಳ್ಳು ಹೇಳಿದೆ ಎಂದು ಅವನಿಗೆ ಯಾವತ್ತೂ ಅನಿಸಿರಲಿಲ್ಲ, ಹೂಂ ಎನ್ನುವುದರಲ್ಲಿ ಸುಳ್ಳೇನಿದೆ.

ಒಂದು ಕೆಲಸವಂತೂ ಅವನಿಗೆ ನಿಜವಾಗಿಯೂ ಬರುತ್ತಿತ್ತು, ಬೋರ್ಡೋ ದ್ರಾವಣ ಕಲಸುವುದು. ಒಂದು ಪ್ಲಾಸ್ಟಿಕ್ ಬಕೀಟಿನಲ್ಲಿ ಮೈಲುತುತ್ತ, ಇನ್ನೊಂದರಲ್ಲಿ ಸುಣ್ಣ, ಎರಡನ್ನೂ ಬೇರೆ ಬೇರೆ ನೆನೆಸಿ, ಆಮೇಲೆ ತುತ್ತದ ನೀರನ್ನು ಸುಣ್ಣದ ನೀರಿಗೆ ಸಣ್ಣಗೆ ಸುರಿಯುತ್ತಾ ಕಡ್ಡಿಯಿಂದ ತಿರುಗಿಸಬೇಕು. ಹದವಾಯಿತೋ ಇಲ್ಲವೋ ಎಂದು ನೋಡಲು ಕಬ್ಬಿಣದ ಚಾಕು ಅದ್ದಬೇಕು. ಅಲಗಿನ ಮೇಲೆ ಕೆಂಪು ಕೂತರೆ ಸುಣ್ಣ ಸಾಲದು ಎಂದರ್ಥ. ಆ ಚಾಕುವನ್ನು ಬಿಳುಪಾಗಿಯೇ ಹೊರಗೆ ತೆಗೆದು ಸುತ್ತ ನಿಂತವರಿಗೆ ತೋರಿಸುವಾಗ ರಾಚಯ್ಯನ ಮುಖದಲ್ಲಿ ಮಂತ್ರವಾದಿಯ ಕಳೆ ಬರುತ್ತಿತ್ತು. ಆದರೆ ಹದವಾಗಿ ಕಲಸಿದ್ದನ್ನು ಯಾವಾಗ ಹೊಡೆಯಬೇಕು ಎನ್ನುವುದು ಬೇರೆ ವಿದ್ಯೆ. ಲವ್‌ಡೇಲ್ ಬಳಿಯ ಬಡಗರ ಹಟ್ಟಿಯಲ್ಲಿ ರಾಜಾಮಣಿಯಮ್ಮನ ನಾಲ್ಕು ಪೈನ್ ಮರಗಳಿಗೆ ಅವನು ಕಳೆದ ಮಳೆಗಾಲದಲ್ಲಿ ಏಳು ಸಲ ಹೊಡೆದಿದ್ದ. ಏಳೂ ಸಲ ಮಧ್ಯಾಹ್ನವೇ ಮಳೆ ಬಂದು ತೊಳೆದುಕೊಂಡು ಹೋಗಿತ್ತು. ನೀಲಿಯಾದದ್ದು ಹಗ್ಗದ ಮೇಲಿದ್ದ ಬೆಡ್‌ಶೀಟು ಮಾತ್ರ. "ಪರವಾಯಿಲ್ಲೆ ಡಾಕ್ಟ್ರೇ, ಶೀಟಿಗೆ ಇನ್ನು ರೋಗ ಬಾರದು" ಎಂದಿದ್ದಳು ರಾಜಾಮಣಿಯಮ್ಮ. ಆ ಮಾತು ನೆನಪಾದ ದಿನವೆಲ್ಲ ರಾಚಯ್ಯನಿಗೆ ಈಗೀಗ ರಾತ್ರಿ ಅನ್ನ ಸೇರುತ್ತಿರಲಿಲ್ಲ.

ಯಾಕೆಂದರೆ ರೋಗ ತಂದವನು ಅವನೇ. ಎರಡು ವರ್ಷದ ಹಿಂದೆ, ಬೇಸಿಗೆಯಲ್ಲಿ, ಊಟಿಯ ಆ ಕಡೆಯ ಒಂದು ಬಂಗಲೆಯಲ್ಲಿ ಪೈನ್ ಮರಗಳ ಕೆಳಗೆ ಮೊಣಕಾಲುದ್ದ ಸೂಜಿಸೊಪ್ಪು ಬಿದ್ದಿತ್ತು. ಕೆಂಪಗೆ, ಗರಿಗರಿಯಾಗಿ. ಎಸ್ಟೇಟಿನ ಕಣ್ಣಿಗೆ ಅದು ಬಂಗಾರ. ಟೀ ಗಿಡ ಸವರಿ ಕವಾತು ಮಾಡಿದರೆ ಕಡಿದದ್ದನ್ನು ಅಲ್ಲೇ ಬುಡಕ್ಕೆ ಹರಡುತ್ತಾರೆ. ಮಣ್ಣು ತಂಪಾಗಿರುತ್ತದೆ, ಕಳೆ ಏಳುವುದಿಲ್ಲ. ಅದನ್ನು ಹೊರಗೆ ಸಾಗಿಸಿದವನಿಗೆ ದೊರೆ ಬಾಯಿಗೆ ಬಂದಂತೆ ಬೈಯುತ್ತಿದ್ದ. ಮೂವತ್ತೆರಡು ವರ್ಷ ಮೈಗೂಡಿದ ಬುದ್ಧಿ ಪೈನ್ ಮರದ ಕೆಳಗೆ ಬಂದ ಮಾತ್ರಕ್ಕೆ ಬದಲಾಗುತ್ತದೆಯೇ? ಬಂಗಲೆಯ ಕಾವಲುಗಾರ, ಕಸ ತೊಲಗಿದರೆ ಸಾಕು ಎಂದು ತಾನೇ ತುಂಬಿಕೊಟ್ಟ. ಆರು ಚೀಲ. ರಾಚಯ್ಯ ಪಿಕಪ್ಪಿನಲ್ಲಿ ಹೇರಿಕೊಂಡು ಬಂದು ರಾಜಾಮಣಿಯಮ್ಮನ ಅಂಗಳದಲ್ಲಿ ಇಳಿಸಿ, "ನಿಮ್ಮ ಮರಗಳ ಬುಡಕ್ಕ ಹಾಸಿ ಅಮ್ಮ, ಬೇರು ತಂಪಾಗಿರ್ತದ" ಎಂದಿದ್ದ. ಬೀಗರಿಗೆ ಹಬ್ಬದ ಸೀರೆ ತಂದವನ ಹಾಗೆ ನಿಂತಿದ್ದ. ಮುಂದಿನ ವರ್ಷ ಕೆಳಗಿನ ಕೊಂಬೆಗಳ ಸೂಜಿಯಲ್ಲಿ ಕೆಂಪು ಪಟ್ಟೆ ಕಂಡಾಗ ಬಿಸಿಲು ಎಂದ. ಆಮೇಲೆ ಹಿಂದಿನ ಡಿಸೆಂಬರಿನ ಹಿಮ ಎಂದ. ಕೋತಿಗಳ ಉಚ್ಚೆ ಎಂದೂ ಒಂದು ಸಲ ಹೇಳಿದ್ದುಂಟು. ಹೋದ ನವೆಂಬರಿನಲ್ಲಿ ಅದೇ ಬಂಗಲೆಯ ಮುಂದೆ ಹಾದುಹೋಗುವಾಗ ನೋಡಿದ: ಅಲ್ಲಿನ ಮರಗಳು ಬುಡದಿಂದ ಬೋಳಾಗಿ, ತುದಿಯಲ್ಲಿ ಮಾತ್ರ ಒಂದು ಜುಟ್ಟು ಹಸಿರು ಉಳಿಸಿಕೊಂಡು ನಿಂತಿದ್ದವು. ರಾಚಯ್ಯ ರಸ್ತೆಬದಿಯ ಕಲ್ಲಿನ ಮೇಲೆ ಕೂತುಬಿಟ್ಟ. ಯಾರೋ ಟೂರಿಸ್ಟು ಹೆಂಗಸು ಕಾರು ನಿಲ್ಲಿಸಿ, ನೀರು ಬೇಕೇ ಎಂದು ಕೇಳಿದಳು.

ಅದಾಗಿ ಆರು ತಿಂಗಳು. ಹೇಳಬೇಕೆಂದು ಹೋಗಿ ಕಾಫಿ ಕುಡಿದು ಬಂದದ್ದು ಎಷ್ಟು ಸಲವೋ. ಒಂದು ಸಲ ಬಾಯಿ ತೆರೆದೇಬಿಟ್ಟಿದ್ದ. "ಅಮ್ಮ, ಆ ಸೊಪ್ಪು..." ಎನ್ನುವಷ್ಟರಲ್ಲಿ ಅವಳು, "ಆ ಸೊಪ್ಪು ಇಲ್ಲದಿದ್ದರೆ ಇಷ್ಟು ಹೊತ್ತಿಗೆ ಮರ ಸತ್ತೇಹೋಗುತಿತ್ತು ರಾಚಯ್ಯ" ಎಂದು ಕೈಮುಗಿದಳು. ಮುಗಿದ ಕೈಯನ್ನು ಬಿಡಿಸಿ ನಿಜ ಹೇಳುವಷ್ಟು ಗಟ್ಟಿಗ ಅವನಲ್ಲ. ಈಗ ಅವಳ ಮಗಳ ಮಗಳು ಸಿಂಧುಜಾ, ಮೆಟ್ಟುಪಾಳ್ಯದಲ್ಲಿ ಮರಗಳ ಓದನ್ನೇ ಓದುವ ಹುಡುಗಿ, ನಿನ್ನೆ ಸಂಜೆ ರಜಕ್ಕೆಂದು ಬಂದಿಳಿದಿದ್ದಳು. "ನಾಳೆ ಬೆಳಗ್ಗೆ ಅವಳು ಮರ ನೋಡುವಳಾಂ. ನೀನೂ ಬಾ, ಇಬ್ಬರು ಡಾಕ್ಟ್ರೂ ಮಾತಾಡಿ" ಎಂದು ರಾಜಾಮಣಿಯಮ್ಮ ಫೋನು ಮಾಡಿದ್ದಳು. ಓದಿದ ಹುಡುಗಿ ಬುಡಕ್ಕೆ ಬಗ್ಗುತ್ತಾಳೆ, ಸೊಪ್ಪು ಕೈಯಲ್ಲಿ ಹಿಡಿಯುತ್ತಾಳೆ, ಇದನ್ನು ಯಾರು ತಂದರು ಎನ್ನುತ್ತಾಳೆ. ಅಜ್ಜಿ ಹೆಮ್ಮೆಯಿಂದ ಬೆರಳು ತೋರಿಸುತ್ತಾಳೆ. ರಾತ್ರಿಯೆಲ್ಲ ರಾಚಯ್ಯನಿಗೆ ಆ ಬೆರಳೇ ಕಂಡಿತು. ಆದ್ದರಿಂದ ಅವರು ಏಳುವ ಮುಂಚೆ ಹೋಗಿ ಸೊಪ್ಪನ್ನೆಲ್ಲ ಬಳಿದು ಚೀಲಕ್ಕೆ ತುಂಬಿ, ಯಾವುದಾದರೂ ತಗ್ಗಿನಲ್ಲಿ ಸುಟ್ಟುಬಿಡುವುದೆಂದು ಬೆಳಗಿನ ಜಾವ ತೀರ್ಮಾನಿಸಿದ್ದ. ಅರವತ್ತಮೂರನೆಯ ವಯಸ್ಸಿನಲ್ಲಿ ಮಾಡಲು ಹೊರಟ, ದೊಡ್ಡವನಾದ ಮೇಲಿನ ಮೊದಲನೆಯ ಕಳ್ಳತನಕ್ಕೆ ಕಸವೇ ಸಿಕ್ಕಿತಲ್ಲ ಎಂದು ಬೇಜಾರೂ ಆಯಿತು.

ಹಟ್ಟಿಯ ಸಾಲುಮನೆಗಳಲ್ಲಿ ಇನ್ನೂ ಬಾಗಿಲು ತೆರೆದಿರಲಿಲ್ಲ. ಕೊನೆಯ ಮನೆ ರಾಜಾಮಣಿಯಮ್ಮನದು. ಅದರ ಪಕ್ಕದಲ್ಲಿ ಇಳಿಜಾರಿಗೆ ಟೀ, ಟೀಯ ಅಂಚಿಗೆ ಗಾಳಿ ತಡೆಯಲೆಂದು ಅವಳ ಗಂಡ ಜೋಗಿ ಗೌಡರ್ ನೆಟ್ಟ ನಾಲ್ಕು ಪೈನ್. ಗೇಟಿನ ಹತ್ತಿರದ್ದು ಎಲ್ಲಕ್ಕಿಂತ ದೊಡ್ಡದು, ಮೊದಲ ಮಗಳು ಹುಟ್ಟಿದ ವಾರ ನೆಟ್ಟದ್ದು. ಗೌಡರ್ ತೀರಿಕೊಂಡು ಹನ್ನೊಂದು ವರ್ಷವಾದರೂ ರಾಜಾಮಣಿಯಮ್ಮ ಸಂಜೆ ಅದರ ಬುಡದ ಕಲ್ಲಿನ ಮೇಲೆ ಕೂತು ಟೀ ಕುಡಿಯುವುದನ್ನು ಬಿಟ್ಟಿರಲಿಲ್ಲ. ಈಗ ಅದರ ಮುಕ್ಕಾಲು ಭಾಗ ಕೆಂಪಾಗಿ ಸುಟ್ಟ ಹಾಗಿತ್ತು. ರಾಚಯ್ಯ ಅದರ ಕಡೆ ನೋಡದೆ ಟೀ ಗಿಡಗಳ ಮರೆಯಲ್ಲಿ ಬಗ್ಗಿ, ಮನೆಯ ಗೋಡೆಗೆ ಒರಗಿಸಿದ್ದ ಕಸ ಬಳಿಯುವ ಗೋರುಹಲ್ಲಿನಿಂದ ಸೊಪ್ಪು ಎಳೆಯತೊಡಗಿದ. ಮೇಲೆ ಒಣಗಿದ್ದು, ಒಳಗೆ ಒದ್ದೆ, ಅದರ ಕೆಳಗೆ ಕರ್ರಗೆ ಕೊಳೆತದ್ದು. ಐದು ನಿಮಿಷದಲ್ಲಿ ಬೆವರಿದ, ಹತ್ತು ನಿಮಿಷದಲ್ಲಿ ಏನೋ ಒಂದು ಖುಷಿ ಹತ್ತಿತು. ಸಾಕ್ಷಿ ನಾಶ ಮಾಡುವುದು ಇಷ್ಟು ಸಲೀಸೇ? ಚಿಕ್ಕಂದಿನಲ್ಲಿ ಗುಂಡ್ಲುಪೇಟೆಯ ಸೋದರಮಾವನ ಮನೆಯಲ್ಲಿ ಬೆಲ್ಲದ ಅಚ್ಚು ಕದ್ದು ತಿಂದು, ಉಳಿದ ಅಚ್ಚುಗಳನ್ನು ಅಗಲಗಲವಾಗಿ ಜೋಡಿಸಿಟ್ಟಿದ್ದು ನೆನಪಾಯಿತು. ಮಾವ ಕಂಡುಹಿಡಿಯಲಿಲ್ಲ, ಅತ್ತೆ ಕಂಡುಹಿಡಿದೂ ಸುಮ್ಮನಿದ್ದಳು, ಮತ್ತು ಸಾಯುವ ತನಕ ಇವನಿಗೆ ಪಾಯಸ ಬಡಿಸುವಾಗ ಮಾತ್ರ, ಬೆಲ್ಲ ಸಾಕಾ, ಎಂದು ಕೇಳುತ್ತಿದ್ದಳು. ಆ ನೆನಪಿನಿಂದ ಖುಷಿ ಅರ್ಧ ಇಳಿಯಿತು. ಎರಡು ಚೀಲ ತುಂಬಿ ಮೂರನೆಯದಕ್ಕೆ ಕೈ ಹಾಕಿದರೆ ಸೊಪ್ಪೇ ಇಲ್ಲ. ನಾಲ್ಕೂ ಬುಡ ಬೋಳಾಗಿತ್ತು. ತಂದದ್ದು ಆರು, ಕೊಳೆತರೂ ಇಷ್ಟು ಕಮ್ಮಿಯಾಗಬೇಕೇ ಎಂದು ಯೋಚಿಸುತ್ತಿರುವಾಗ ಹಿಂದಿನಿಂದ ಕೆಮ್ಮು ಕೇಳಿಸಿತು.

ಸಿಂಧುಜಾ ಬಾಯಲ್ಲಿ ಬ್ರಷ್ ಇಟ್ಟುಕೊಂಡು, ಅಜ್ಜಿಯ ಶಾಲು ಹೊದ್ದು ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ. ಅವಳು ತೋಟದ ಅಂಚಿಗೆ ಹೋಗಿ ನೊರೆ ಉಗಿದು, ಬಾಯಿ ಒರೆಸಿಕೊಂಡು ಬರುವ ತನಕ ರಾಚಯ್ಯ ಗೋರುಹಲ್ಲನ್ನು ಬೆನ್ನ ಹಿಂದೆ ಹಿಡಿದುಕೊಂಡು ನಿಂತ. ಆಳುದ್ದದ ಗೋರುಹಲ್ಲು ಅವನ ತಲೆಯ ಮೇಲೆ ಹಲ್ಲು ಕಿರಿಯುತ್ತಿತ್ತು.

"ಅಂಕಲ್, ಇದ ಎಲ್ಲ ನೀವೇ ಗುಡಿಸಿದಿರಾ?"

ಹೂಂ ಎನ್ನಲು ಹೋದರೆ ಗಂಟಲಿನಿಂದ ಬೇರೆ ಏನೋ ಸದ್ದು ಬಂತು.

"ಸೂಪರ್ ಅಂಕಲ್" ಎಂದಳು ಹುಡುಗಿ. "ನಾ ಮೊದಲು ಹೇಳಬೇಕು ಎಂದುಕೊಂಡದ್ದೇ ಇದು. ಬಿದ್ದ ಸೂಜಿ ಎತ್ತಿ ಸುಡದೆ ಏನ ಮದ್ದು ಹೊಡೆದರೂ ದಂಡ. ರೋಗ ಇದರೊಳಗೇ ಕೂತಿರುತ್ತೆ. ಮಳೆಹನಿ ಬಿದ್ದು ಚಿಮ್ಮಿದರೆ ಸಾಕು, ಕೆಳಗಿನ ಕೊಂಬೆಗೆ ಹತ್ತುತ್ತೆ. ಇಲ್ಲಿ ಯಾರಿಗೂ ಗೊತ್ತಿಲ್ಲೆ. ಎಲ್ಲರೂ ಟೀ ತೋಟದ ಬುದ್ಧಿಯಲ್ಲಿ ಬುಡಕ್ಕೇ ಹಾಸಿಬಿಡುತ್ತಾರೆ."

ರಾಚಯ್ಯನ ಮುಖ ಇಂಗು ತಿಂದ ಮಂಗನ ಹಾಗಾಯಿತು. ಕಳ್ಳತನ ಮಾಡಲು ಬಂದವನಿಗೆ ಮನೆಯವರೇ ಹಾರ ಹಾಕಿದಂತಾಗಿತ್ತು. ಅವಳು ಒಂದು ಸೂಜಿಯನ್ನು ಕಿತ್ತು, ಜೇಬಿನಿಂದ ಪುಟ್ಟ ಲೆನ್ಸ್ ತೆಗೆದು ಅವನ ಕಣ್ಣಿಗೆ ಹಿಡಿದಳು. ಹಸಿರಿನ ಮೇಲೆ ಇಟ್ಟಿಗೆ ಬಣ್ಣದ ಪಟ್ಟೆ. ಪಟ್ಟೆಯ ಮೇಲೆ ಕರಿಯ ಚುಕ್ಕಿಗಳು, ಚರ್ಮ ಸೀಳಿಕೊಂಡು ಹೊರಗೆ ಬಂದಂತೆ. ಮೂವತ್ತೆರಡು ವರ್ಷ ಶಿಲೀಂಧ್ರದ ಮೇಲೆ ಔಷಧಿ ಹೊಡೆಸಿದವನು ಅದರ ಮುಖ ನೋಡಿದ್ದು ಅದೇ ಮೊದಲು. ಅಷ್ಟು ಚಿಕ್ಕದು! ಇದಕ್ಕಾಗಿ ಆರು ತಿಂಗಳು ಅನ್ನ ಬಿಟ್ಟೆನೇ ಎನಿಸಿ ಅವನಿಗೆ ಅವಮಾನವಾಯಿತು. ಹುಡುಗಿ ಹೇಳುತ್ತಲೇ ಹೋದಳು: ಕೆಳಗಿನ ಕೊಂಬೆಗಳನ್ನು ಆಳೆತ್ತರದ ತನಕ ಸವರಿ ಗಾಳಿ ಆಡಲು ಬಿಡಬೇಕು, ಸೂಜಿ ಬೇಗ ಒಣಗಿದರೆ ರೋಗ ಮೊಳೆಯದು, ಒದ್ದೆ ಇರುವಾಗ ಮರ ಮುಟ್ಟಬಾರದು, ಒಂದು ಮರ ಕೊಯ್ದ ಗರಗಸವನ್ನು ಸ್ಪಿರಿಟ್ಟಿನಲ್ಲಿ ಒರೆಸದೆ ಇನ್ನೊಂದಕ್ಕೆ ಹಾಕಬಾರದು, ತಾಮ್ರದ ಔಷಧಿ ವಾರಕ್ಕೊಂದು ಬೇಡ, ಹೊಸ ಸೂಜಿ ಬಿಚ್ಚಿಕೊಳ್ಳುವ ಹೊತ್ತಿಗೆ ಒಂದು ಸಲ, ತಿಂಗಳ ಮೇಲೆ ಇನ್ನೊಂದು ಸಲ, ಮಳೆ ಇಲ್ಲದ ದಿನ ನೋಡಿ. ಪ್ರತಿ ಮಾತಿಗೂ ರಾಚಯ್ಯ ತಲೆಯಾಡಿಸಿದ. ತಲೆಯಾಡಿಸಿದಷ್ಟೂ ಹುಡುಗಿಯ ಕಣ್ಣಿನಲ್ಲಿ ಅವನು ದೊಡ್ಡವನಾಗುತ್ತಿದ್ದ.

"ಇದು... ಎಲ್ಲಿಂದ ಬಂದಿರಬಹುದು ಮಗ?" ಎಂದು ಕೇಳಿಯೇಬಿಟ್ಟ. ಹುಣ್ಣನ್ನು ಒತ್ತಿ ನೋಡುವ ಚಪಲ.

"ಅದ ಹೇಳಲಾಗದು ಅಂಕಲ್. ಮಂಜು ಇರಬಹುದು, ಗಾಳಿ ಇರಬಹುದು. ಯಾರ ತಪ್ಪೂ ಅಲ್ಲ."

ಯಾರ ತಪ್ಪೂ ಅಲ್ಲ. ಈ ಮಾತಿಗಾಗಿ ಅಲ್ಲವೇ ಅವನು ಬೆಳಗಿನ ಬಸ್ಸು ಹತ್ತಿದ್ದು? ಎದೆಯ ಮೇಲಿನ ಭಾರ ಇಳಿಯಬೇಕಿತ್ತು. ಇಳಿಯುವ ಬದಲು ಅದು ಜಾಗ ಸರಿಮಾಡಿಕೊಂಡು ಕೂತಿತು. ಮಂಜಿಗೆ ತನ್ನ ತಪ್ಪು ಹೊರಿಸಿದ್ದಕ್ಕೆ ಅವನಿಗೆ ಮಂಜಿನ ಮುಂದೆಯೂ ತಲೆ ಎತ್ತಲಾಗಲಿಲ್ಲ.

ರಾಜಾಮಣಿಯಮ್ಮ ಮೂರು ಲೋಟ ಕಾಫಿ ಹಿಡಿದು ಬಂದಳು. ಎಪ್ಪತ್ತು ದಾಟಿದ, ನೆಟ್ಟಗಿನ ಹೆಂಗಸು. ಬಿಳಿಯ ಮುಂಡು ಎದೆಗೆ ಕಟ್ಟಿ ತಲೆಗೆ ಬಿಳಿಯ ವಸ್ತ್ರ ಸುತ್ತಿದ್ದಳು. ಹಟ್ಟಿಯಲ್ಲಿ ಅತ್ತೆ-ಸೊಸೆಯರ ಜಗಳ ಅವಳ ಜಗಲಿಗೆ ಬಂದೇ ತೀರುವುದು. ಅವಳ ಬಡಗ ಮಾತು, ಅವನ ಗುಂಡ್ಲುಪೇಟೆ ಮಾತು, ಎರಡೂ ನಡುದಾರಿಯಲ್ಲಿ ಸೇರಿ ವರ್ಷಗಳಾಗಿದ್ದವು. ಮೊಮ್ಮಗಳು ಲೋಟ ತೆಗೆದುಕೊಂಡು, ಒಂದು ಗುಟುಕು ಕುಡಿದು, ಅಜ್ಜಿಯನ್ನು ಬಡಗ ಮಾತಿನಲ್ಲಿ ಕರೆದು ಮೆತ್ತಗೆ ಹೇಳಿದಳು:

"ಹೆತ್ತೆ, ಮೂರು ಮರ ಬದುಕುತ್ತೆ. ಗೇಟಿನ ಮರ ಆಗದು. ಅದ ಕಡಿಯಬೇಕು. ಬಿಟ್ಟರೆ ಅದರಿಂದಲೇ ಮಿಕ್ಕ ಮೂರಕ್ಕೂ ಮತ್ತೆ ಮತ್ತೆ ಹತ್ತುತ್ತೆ."

ರಾಜಾಮಣಿಯಮ್ಮ ಗೇಟಿನ ಮರದ ಕಡೆ ನೋಡಲಿಲ್ಲ. ಅವಳು ನೋಡಿದ್ದು ರಾಚಯ್ಯನ ಕಡೆ.

"ನೀ ಸಣ್ಣವಳು. ನಿನ್ನ ಪುಸ್ತಕ ಸಣ್ಣದು" ಎಂದಳು ಮೊಮ್ಮಗಳಿಗೆ. "ಎನ್ನ ಮರಕ್ಕೆ ಡಾಕ್ಟ್ರು ಇವ. ಇವ ಕಡಿ ಎಂದರೆ ಕಡಿಯುವೆ. ಬೇಡ ಎಂದರೆ ದೊರೆ ಬಂದು ಹೇಳಿದರೂ ಕಡಿಯೆ."

ಸಿಂಧುಜಾ ನಕ್ಕು, "ಸರಿ ಹೆತ್ತೆ, ನೀವಿಬ್ಬರೇ ಮಾತಾಡಿ" ಎಂದು ಸ್ನಾನಕ್ಕೆ ಒಳಗೆ ಹೋದಳು. ಬಚ್ಚಲಿನಲ್ಲಿ ನೀರು ಬೀಳುವ ಸದ್ದು ಕೇಳಿಸಿತು. ರಾಚಯ್ಯನ ಲೋಟದಲ್ಲಿ ಕಾಫಿಯ ಮೇಲೆ ಕೆನೆ ಕಟ್ಟಿತ್ತು. ಎರಡು ದಾರಿಯೂ ಅವನಿಗೆ ಸ್ಪಷ್ಟವಾಗಿ ಕಂಡವು. ಕಡಿಯಿರಿ ಎಂದರೆ ಅವಳು ಕಣ್ಣೊರೆಸಿಕೊಂಡು, ನೀನಾದರೂ ನಿಜ ಹೇಳಿದೆ ಎಂದು ಇವನಿಗೇ ಕೈಮುಗಿಯುತ್ತಾಳೆ. ಕೊಂದವನೇ ಸಾವಿನ ಮನೆಯಲ್ಲಿ ಸಮಾಧಾನ ಹೇಳಿದ ಹಾಗೆ. ಬೇಡ ಎಂದರೆ ಡಾಕ್ಟರ್ ಹೆಸರು ಇನ್ನೂ ಎರಡು ವರ್ಷ ಬಾಳುತ್ತದೆ, ಮರಗಳು ಅಷ್ಟು ಬಾಳುವುದಿಲ್ಲ. ಹೂಂ ಎಂದು ಮೇಲೆ ನೋಡಿದ. ಆಕಾಶ ಕಾಣಲಿಲ್ಲ, ಕೆಂಪು ಸೂಜಿಗಳೇ ಕಂಡವು. ಇದ್ದಕ್ಕಿದ್ದ ಹಾಗೆ, ಕೆಮ್ಮು ಬಂದವನಂತೆ, ಎಲ್ಲವನ್ನೂ ಹೇಳಿಬಿಟ್ಟ. ಬಂಗಲೆ, ಕಾವಲುಗಾರ, ಪಿಕಪ್ಪು, ನವೆಂಬರ್, ಕಲ್ಲು, ಟೂರಿಸ್ಟು ಹೆಂಗಸು ಕೊಟ್ಟ ನೀರು, ಎಲ್ಲವನ್ನೂ. ಕೋತಿಗಳ ಮೇಲೆ ಹೊರಿಸಿದ ಅಪವಾದವನ್ನು ಬೇರೆಯಾಗಿ ವಾಪಸು ತೆಗೆದುಕೊಂಡ.

"ಕೆಟ್ಟದ್ದು ಮಾಡಬೇಕಂತ ಮಾಡ್ನಿಲ್ಲ ಅಮ್ಮ. ಒಳ್ಳೇದು ಅಂತನೇ ತಂದಿ. ಆದ್ರ ಗೊತ್ತಾದ ಮೇಲೂ ಸುಮ್ನಿದ್ನಲ್ಲ, ಅದ ಮಾತ್ರ ನಾ ಬೇಕಂತನೇ ಮಾಡ್ದಿ. ಆ ಮರ ಕಡೀಬೇಕು. ಮಗು ಹೇಳಿದ್ದು ದಿಟ."

ರಾಜಾಮಣಿಯಮ್ಮ ಗೇಟಿನ ಹತ್ತಿರ ಹೋದಳು. ಅವಳ ಕೈ ಗೇಟಿನ ಮರದ ತೊಗಟೆಯ ಮೇಲಿತ್ತು. ಬೈಯುತ್ತಾಳೆ ಎಂದು ಅವನು ಕಾದ, ಬೈದರೆ ಹಗುರಾಗುತ್ತಿತ್ತು. ತೊಗಟೆಯ ಒಂದು ಚೂರು ಕಿತ್ತು ಕೈಯಲ್ಲಿ ತಿರುಗಿಸಿ ನೋಡಿ ಅವಳು ಕೊನೆಗೆ ಹೇಳಿದ್ದು: "ಅವರು ಇದ್ದಿದ್ದರೆ ಮರ ಅಲ್ಲ, ನಿನ್ನ ಕಡಿಯುತ್ತಿದ್ದರು."

"ಕಡೀಲಿ ಅಮ್ಮ."

"ಇಲ್ಲದವರಿಗೆ ಕತ್ತು ಕೊಡುವುದು ಸಲೀಸು." ಅವಳು ಕಣ್ಣು ಒರೆಸಿಕೊಂಡಳು. ಒರೆಸಿಕೊಂಡ ಕೈ ಅರ್ಧದಲ್ಲೇ ನಿಂತಿತು. ಅವಳು ಬೋಳಾದ ನಾಲ್ಕು ಬುಡಗಳನ್ನೂ, ಗೇಟಿಗೆ ಒರಗಿಸಿಟ್ಟ ಎರಡು ಚೀಲಗಳನ್ನೂ ನೋಡಿದಳು. ದನಿ ತಗ್ಗಿತು. "ನೀ ತಂದದ್ದು ಎಷ್ಟು ಚೀಲ?"

"ಆರು."

"ಇಲ್ಲಿ ಹಾಕಿದ್ದು ಎರಡು."

ರಾಚಯ್ಯನಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಅವಳ ಕಣ್ಣು ಹೋದ ಕಡೆ ತಾನೂ ತಿರುಗಿದ. ಅವಳು ಹಟ್ಟಿಯ ಸಾಲಿನ ಕಡೆ ನೋಡುತ್ತಿದ್ದಳು. ವಸಂತಕುಮಾರನ ಮನೆ, ಸುಗನ್ಯಾಳ ಮನೆ, ಆಚೆಯ ಎರಡು ಮನೆ. ಪ್ರತಿಯೊಂದರ ಹಿತ್ತಲ ಅಂಚಿನಲ್ಲೂ ಗಾಳಿ ತಡೆಯಲು ಒಂದೋ ಎರಡೋ ಪೈನ್.

"ಒಳ್ಳೆಯದ ಒಬ್ಬಳೇ ಇಟ್ಟುಕೊಳ್ಳಬಾರದು ಎಂದು ಮನೆಗೊಂದು ಚೀಲ ಹಂಚಿದೆ" ಎಂದಳು ರಾಜಾಮಣಿಯಮ್ಮ. "ಡಾಕ್ಟ್ರು ತಂದ ಸೊಪ್ಪು, ಬುಡಕ್ಕೆ ಹಾಸಿ ಎಂದು ನಾನೇ ನಿಂತು ಹಾಸಿಸಿದೆ. ಸುಗನ್ಯಾ ಬೇಡ ಎಂದಳು. ಅವಳಿಗೆ ಬೈದು ಹಾಸಿಸಿದೆ."

ಬಚ್ಚಲಿನಲ್ಲಿ ನೀರಿನ ಸದ್ದು ನಿಂತಿತು. ಇಬ್ಬರೂ ಒಟ್ಟಿಗೆ ಆ ಕಡೆ ನೋಡಿದರು. ಹಟ್ಟಿಗೆಲ್ಲ ನ್ಯಾಯ ಹೇಳುವ ಹೆಂಗಸಿನ ಮುಖದಲ್ಲಿ, ಬೆಲ್ಲ ಕದ್ದ ಮಗುವಿನ ಮುಖದಲ್ಲಿ ಇರುವಂಥದ್ದೇ ಏನೋ ಇತ್ತು. ಅದನ್ನು ಕಂಡು ರಾಚಯ್ಯನಿಗೆ ದುಃಖದ ನಡುವೆಯೇ ಅಸಹ್ಯವಾದ ಒಂದು ಸಂತೋಷವಾಯಿತು: ಇನ್ನು ತಾನು ಒಬ್ಬನೇ ಅಲ್ಲ.

"ಸಿಂಧುಗೆ ಹೇಳಬೇಡ" ಎಂದಳು.

"ಇಲ್ಲ ಅಮ್ಮ."

"ಯಾರಿಗೂ ಹೇಳಬೇಡ. ಗೋರುಹಲ್ಲು ತಗೊ. ಮನೆ ಮನೆಗೂ ಹೋಗುವ. ಊರಿನಲ್ಲಿ ಮರಕ್ಕೆ ರೋಗ ಬಂದಿದೆ, ಡಾಕ್ಟ್ರು ಬುಡ ಗುಡಿಸಿ ಕೊಡುತ್ತಾರೆ ಎಂದು ನಾ ಹೇಳುವೆ. ಎಲ್ಲಿಂದ ಬಂತು ಎಂದರೆ ಮಂಜು."

"ಮಂಜು" ಎಂದ ರಾಚಯ್ಯ. ಅವಳಿಗೂ ಅದೇ ಹೊಳೆಯಿತಲ್ಲ.

ಖಾಲಿ ಚೀಲ ನಾಲ್ಕನ್ನು ಅವಳೇ ಹೊತ್ತಳು. ಎಪ್ಪತ್ತು ದಾಟಿದವಳು ಮುಂದೆ, ಗೋರುಹಲ್ಲು ಹೊತ್ತವನು ಹಿಂದೆ. ಬಾಗಿಲುಗಳು ತೆರೆಯುತ್ತಿದ್ದವು, ಯಾರದೋ ಮನೆಯಲ್ಲಿ ಕುಕ್ಕರ್ ಕೂಗಿತು. ಯಾವುದೋ ಯುದ್ಧಕ್ಕೆ ಹೊರಟ ಠೀವಿ ಅವಳ ನಡಿಗೆಯಲ್ಲಿತ್ತು. ಮೂರು ಮರವಾದರೂ ಉಳಿಯುತ್ತವೆ, ಇವರ ಮರಗಳೂ ಉಳಿಯಬಹುದು, ಯಾರಿಗೂ ಏನೂ ತಿಳಿಯಬೇಕಾಗಿಲ್ಲ ಎಂದು ರಾಚಯ್ಯ ತನಗೆ ತಾನೇ ಹೇಳಿಕೊಂಡ. ಉಪಾಯದಲ್ಲಿ ಒಂದು ದೋಷವೂ ಕಾಣಲಿಲ್ಲ. ವಸಂತಕುಮಾರನ ಹಿತ್ತಲಿಗೆ ಕಾಲಿಟ್ಟಾಗ ಅವನ ಎರಡು ಮರಗಳು ಕಂಡವು. ಹದಿನೈದು ವರ್ಷದ ಮರಗಳು, ಮೇಲೆ ಕಡು ಹಸಿರು. ಕೆಳಗಿನ ಮೂರು ಕೊಂಬೆಗಳಲ್ಲಿ ಮಾತ್ರ, ಹುಡುಕಿದವನಿಗೆ ಕಾಣುವ ಹಾಗೆ, ಇಟ್ಟಿಗೆ ಬಣ್ಣ.

ವಸಂತಕುಮಾರ್ ಟೀ ಸೊಪ್ಪಿನ ಲೆಕ್ಕಕ್ಕೆ ಫ್ಯಾಕ್ಟರಿಗೆ ಹೊರಟಿದ್ದ. ಐವತ್ತರ ಹತ್ತಿರದ, ಹಟ್ಟಿಯಲ್ಲಿ ಗಣ್ಯನಾದ ಮನುಷ್ಯ. ಹಿರಿಯಳು ಬಂದದ್ದು ಕಂಡು ಕ್ಯಾಪ್ ತೆಗೆದು, ಬಡಗರ ರೂಢಿಯಂತೆ ಹತ್ತಿರ ಬಂದು ತಲೆ ಬಗ್ಗಿಸಿ ನಿಂತ. ರಾಜಾಮಣಿಯಮ್ಮ ಅವನ ನೆತ್ತಿಯ ಮೇಲೆ ಅಂಗೈ ಇಟ್ಟು, "ಒಂದು ಸಾವಿರವಾಗಲಿ, ಒಳ್ಳಿತ್ತಾಗಿ ಬಾಳು" ಎಂದು ಹರಸಿದಳು. ಹಿರಿಯರು ಹರಸಿ ಕೈ ತೆಗೆಯುವ ತನಕ ಬಗ್ಗಿದವನು ತಲೆ ಎತ್ತುವಂತಿಲ್ಲ. ಅವಳು ಕೈ ತೆಗೆದಳು. ಅವನು ತಲೆ ಎತ್ತಿ, ರಾಚಯ್ಯನ ಕಡೆ ತಿರುಗಿ, ಒಂದು ಕ್ಷಣ ತಡೆದು, ಇಷ್ಟು ವರ್ಷದಲ್ಲಿ ಯಾರೂ ಮಾಡದ್ದನ್ನು ಮಾಡಿದ. ಹೊರಗಿನವನಾದ ಇವನ ಮುಂದೆಯೂ ತಲೆ ಬಗ್ಗಿಸಿದ.

"ನೀವು ಕೊಟ್ಟ ಸೊಪ್ಪಿನಿಂದ ಎನ್ನ ಮರ ಚೆನ್ನಾಗಿ ಬಂದವು. ಹರಸಿ."

ರಾಜಾಮಣಿಯಮ್ಮ ಪಕ್ಕದಿಂದ, ಇಡು ಇಡು, ಎಂದು ಕಣ್ಣಿನಲ್ಲೇ ಹೇಳಿದಳು. ರಾಚಯ್ಯ ಗೋರುಹಲ್ಲನ್ನು ಎಡಗೈಗೆ ಬದಲಾಯಿಸಿ, ಬಲಗೈಯನ್ನು ಪ್ಯಾಂಟಿಗೆ ಒರೆಸಿ, ಆ ತಲೆಯ ಮೇಲೆ ಇಟ್ಟ. ನಡುವೆ ತೆಳ್ಳಗಾದ ಕೂದಲು, ಬೆಚ್ಚಗಿನ ನೆತ್ತಿ. ಹರಸುವ ಮಾತು ನಾಲಿಗೆಗೆ ಬರಲಿಲ್ಲ. ಬಗ್ಗಿದ ತಲೆಗೆ ಕಣ್ಣಿಲ್ಲ ಎನ್ನುವುದು ಮಾತ್ರ ಹೊಳೆಯಿತು. ಜಗತ್ತಿನಲ್ಲಿ ಇಷ್ಟು ಸಲೀಸಾಗಿ ನಿಜ ಹೇಳಬಹುದಾದ ಮುಖ ಇನ್ನೊಂದು ಸಿಗಲಾರದು.

"ಆ ಸೊಪ್ಪಿನಲ್ಲೇ ರೋಗ ಇತ್ತು ಅಪ್ಪ" ಎಂದ. "ನಿಮ್ಮ ಮರಕ್ಕ ರೋಗ ತಂದವ ನಾನು."

ರಾಜಾಮಣಿಯಮ್ಮ ಚೀಲಗಳನ್ನು ಕೆಳಗೆ ಬಿಟ್ಟಳು. ಕೈಯ ಕೆಳಗಿನ ತಲೆ ಒಂದಿಷ್ಟು ಅಲುಗಿತು, ಮೇಲೇಳಲು ನೋಡಿತು. ಕೈ ಇನ್ನೂ ಅಲ್ಲೇ ಇದ್ದುದರಿಂದ ಏಳದೆ ನಿಂತಿತು. ಕೈ ತೆಗೆಯಬೇಕು ಎಂದು ರಾಚಯ್ಯನಿಗೆ ಚೆನ್ನಾಗಿ ಗೊತ್ತಿತ್ತು. ತೆಗೆದರೆ ಆ ತಲೆ ಎತ್ತುತ್ತದೆ, ಎರಡು ಕಣ್ಣು ಅವನನ್ನು ನೋಡುತ್ತವೆ. ಅವನು ಕೈಯನ್ನು ಇನ್ನಷ್ಟು ಒತ್ತಿ ಹಿಡಿದ.